ಅಪ್ಪ ಕಾಲು ತೊಳೆದು ಬರುವಷ್ಟರಲ್ಲಿ

ನನ್ನ ಬಲಭುಜ ಮೊದಲ ಸಲ ಜಾರಿದ್ದು ಅಬಿಡ್ಸ್‌ನಿಂದ ಹಿಮಾಯತ್‌ನಗರಕ್ಕೆ ಬರುವ ಸಿಟಿ ಬಸ್ಸಿನಲ್ಲಿ. ಕೂರಲು ಜಾಗವಿರಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಡ್ರೈವರ್ ಯಾವನೋ ಆಟೋದವನನ್ನು ಬೈಯುತ್ತ ಒಮ್ಮೆಲೇ ಬ್ರೇಕ್ ಒತ್ತಿದ. ಮೈಯೆಲ್ಲ ಮುಂದಕ್ಕೆ ಹೋಯಿತು, ಕೈ ಮಾತ್ರ ಕಂಬಿಯಲ್ಲೇ ಉಳಿಯಿತು. ಒಳಗೆಲ್ಲೋ ಲೊಟಕ್ ಎಂದಿತು. ನೋವು ಬಂದದ್ದು ಆಮೇಲೆ. ಮೊದಲು ಬಂದದ್ದು ಹೆದರಿಕೆ. ಕೈ ಕೆಳಗಿಳಿಸು ಎಂದರೆ ಕೈ ನನ್ನ ಮಾತು ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಬುರ್ಖಾ ತೊಟ್ಟ ಅಜ್ಜಿ ನನ್ನ ಭುಜ ನೋಡಿ, "ಅರೇ, ಬಚ್ಚೀ ಕಾ ಹಾತ್ ಉತರ್ ಗಯಾ" ಎಂದು ಕೂಗಿದಳು. ಹಾತ್ ಇಳಿದಿದೆ ಎಂದರೆ ಕೈ ಕಿತ್ತು ಬಿದ್ದೇ ಹೋಗಿದೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಆಸ್ಪತ್ರೆಯವರು ಮತ್ತಿನ ಸೂಜಿ ಕೊಟ್ಟು ಕೀಲನ್ನು ಕೂರಿಸಿ, ಕೈಯನ್ನು ಕೊರಳಿಗೆ ಜೋಳಿಗೆ ಕಟ್ಟಿ ಕಳಿಸಿದರು.

ನಾನು ಹುಟ್ಟಾ ಪುಕ್ಕಲಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಂಪಖಾನೆಯ ಕೆಳಗೆ ಹಲ್ಲಿ ಇರಬಹುದೆಂದು ಜಂಪಖಾನೆಯನ್ನೇ ತುಳಿಯದವಳು. ನಾಂಪಲ್ಲಿಯ ಎಗ್ಜಿಬಿಷನ್‌ಗೆ ಪ್ರತಿ ಜನವರಿ ಹೋಗುತ್ತಿದ್ದೆವು. ಓರಗೆಯವರೆಲ್ಲ ಸುತ್ತುವ ತೊಟ್ಟಿಲು ಹತ್ತಿ ಕಿರುಚುವಾಗ ನಾನು ಕೆಳಗೆ ನಿಂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. "ಇಕೀನ್ನ ಅಂಜಿಕಿಗೆ ಕೊಟ್ಟು ಮದಿವಿ ಮಾಡಬೇಕು" ಎಂದು ಅವ್ವ ಚುಚ್ಚುತ್ತಿದ್ದಳು.

ನಮ್ಮದು ಬೀದರ ಕಡೆಯ ಮನೆತನ. ಅಪ್ಪ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್. ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ ಮಹಡಿ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಆಗ ಊರಿಗೆ ಊರೇ ಸಾಫ್ಟ್‌ವೇರ್ ಜ್ವರ ಹಿಡಿದು ಕೂತಿತ್ತು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸುಣ್ಣಕ್ಕಿಂತ ಕೋರ್ಸುಗಳ ಪೋಸ್ಟರ್ ಹೆಚ್ಚು. ಲೆಕ್ಕ ಕಂಡರೆ ಬೆವರುವ ನಾನು ಅದಕ್ಕೆಲ್ಲ ಹೋಗದೆ, ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿತು ಮನೆಗೆ ಹತ್ತಿರದ ಒಂದು ಆಫೀಸು ಸೇರಿಕೊಂಡೆ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ ಧ್ವನಿಯನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವ ಕೆಲಸ. ಕಾಲಡಿ ಹೊಲಿಗೆ ಮಷೀನಿನಂಥದ್ದೊಂದು ಪೆಡಲ್ ಇರುತ್ತಿತ್ತು. ಒತ್ತಿದರೆ ಡಾಕ್ಟರ್ ಮಾತಾಡುತ್ತಾನೆ, ಬಿಟ್ಟರೆ ಬಾಯಿ ಮುಚ್ಚುತ್ತಾನೆ. ನನಗೆ ಬರುತ್ತಿದ್ದುದು ಬಹುಪಾಲು ಮೂಳೆ ಡಾಕ್ಟರುಗಳ ಫೈಲು. ಮಂಡಿ, ಸೊಂಟ, ಭುಜ.

ಎರಡನೆಯ ಸಲ ಕೀಲು ತಪ್ಪಿದ್ದು ಮಾಳಿಗೆಯ ಮೇಲೆ, ಹಗ್ಗಕ್ಕೆ ಅವ್ವನ ಸೀರೆ ಬೀಸಿ ಹಾಕುವಾಗ. ಜೋಳಿಗೆ ಬಿಚ್ಚಿ ಬಹಳ ದಿನವಾಗಿತ್ತು. ಭುಜದ ಮಾತನ್ನೇ ಮರೆತಿದ್ದೆವು. ಭಾನುವಾರವಾದ್ದರಿಂದ ಅಪ್ಪ ಮನೆಯಲ್ಲಿದ್ದರು. ನನ್ನ ಕೂಗು ಕೇಳಿ ಓಡಿಬಂದು, ಕೆಳಗೆ ಕರೆದೊಯ್ದು ಚಾಪೆ ಹಾಸಿ ಮಲಗಿಸಿದರು. ಅಪ್ಪ ಹರೆಯದಲ್ಲಿ ಊರಿನ ತಾಲೀಮಿನಲ್ಲಿ ಕುಸ್ತಿ ಕಲಿತವರು. ಅಲ್ಲಿನ ಉಸ್ತಾದರು ಹುಡುಗರ ಕೀಲು ಕೂರಿಸುವುದನ್ನು ಹತ್ತಿರದಿಂದ ನೋಡಿದವರು. ಮಲಗಿದವನ ಕಂಕುಳಿಗೆ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದು, ನಿಧಾನಕ್ಕೆ ಎಳೆಯುತ್ತ ಹೋಗಬೇಕು. ತೋಳಿನ ಮೂಳೆಯ ಗುಂಡು ತಾನಾಗಿ ಭುಜದ ಬಟ್ಟಲಿಗೆ ಬೀಳುತ್ತದೆ. ಇಷ್ಟೇ ವಿದ್ಯೆ. ಆದರೆ ಅಪ್ಪ ನನ್ನ ಮಣಿಕಟ್ಟು ಹಿಡಿದವರು ಥಟ್ಟನೆ ಬಿಟ್ಟು ಎದ್ದು ನಿಂತರು.

"ತಡಿ ಯವ್ವಾ, ಕಾಲ ತೊಳಕೊಂಡ ಬರ್ತೀನಿ."

"ಯಪ್ಪಾ, ಇಲ್ಲಿ ಜೀವ ಹೊಂಟೈತಿ! ನೀ ಕಾಲ ತೊಳಿಯಾಕ ಹೊಂಟೀ?"

ಬಚ್ಚಲಲ್ಲಿ ನಲ್ಲಿ ತಿರುಗಿದ ಸದ್ದು. ನೀರು ಬಿದ್ದ ಸದ್ದು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ತಿಕ್ಕಿ ತೊಳೆಯುವ ಸದ್ದು. ಕಂಕುಳಿಗೆ ಕೊಡುವುದು ಒಂದೇ ಕಾಲಲ್ಲವೇ, ಎರಡೂ ಯಾಕೆ ತೊಳೆಯಬೇಕು ಎಂದು ನನಗೆ ಆ ನೋವಿನಲ್ಲೂ ಉರಿಯಿತು. ಬಂದರು, ಒದ್ದೆ ಹಿಮ್ಮಡಿಯನ್ನು ಕಂಕುಳಲ್ಲಿ ಇಟ್ಟರು, ಎಳೆದರು. ಲೊಟಕ್. ಸ್ವರ್ಗ ಎಂದರೆ ಇದೇ ಇರಬೇಕು ಅನ್ನಿಸುವಷ್ಟು ಹಗುರ. ಅಪ್ಪ ಕಾಲು ಹಿಂದಕ್ಕೆ ತೆಗೆದವರೇ ನನ್ನ ಭುಜವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅರಿಯದೆ ಯಾರಿಗಾದರೂ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ.

"ಹೆಣ್ಣಮಕ್ಕಳ ಮೈಗೆ ಕಾಲ ಹಚ್ಚಬಾರದು," ಎಂದರು. "ಹಚ್ಚೂ ವ್ಯಾಳೇನ ಬಂದ್ರ, ತೊಳದ ಕಾಲಾದ್ರೂ ಇರ್ಲಿ."

ಅಲ್ಲಿಂದ ನನ್ನ ಭುಜಕ್ಕೆ ಚಟ ಹತ್ತಿತು. ಜಡೆ ಹೆಣೆಯುವಾಗ ಜಾರಿತು. ಗೂಡಿನಿಂದ ಡಬ್ಬಿ ತೆಗೆಯುವಾಗ ಜಾರಿತು. ಆಟೋದಲ್ಲಿ ಕೂತು ಹೊರಗೆ ಕೈ ತೋರಿಸುವಾಗ ಜಾರಿತು. ಪ್ರತಿ ಸಲವೂ ಅಪ್ಪ, ಪ್ರತಿ ಸಲವೂ ನಲ್ಲಿಯ ಸದ್ದು, ಪ್ರತಿ ಸಲವೂ ಒದ್ದೆ ಹಿಮ್ಮಡಿ. ಆಸ್ಪತ್ರೆಗೆ ಹೋಗೋಣ ಎಂದು ಅವ್ವ ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಆಸ್ಪತ್ರೆ ಎಂದರೆ ಸೂಜಿ, ಸೂಜಿ ಎಂದರೆ ಮತ್ತು, ಮತ್ತು ಎಂದರೆ ಏಳದೇ ಇರುವುದು. ನನ್ನ ಬುದ್ಧಿ ಹೋಗುತ್ತಿದ್ದ ದಾರಿ ಅದು. ಅಪ್ಪನ ಕಾಲಿಗೆ ಸೂಜಿಯಿಲ್ಲ.

ಆದರೆ ಅಪ್ಪ ಯಾವಾಗಲೂ ಮನೆಯಲ್ಲಿ ಇರುತ್ತಾರೆಯೇ? ಕಾರ್ಖಾನೆಯ ಬಸ್ಸು ಅವರನ್ನು ಬೆಳಿಗ್ಗೆ ಒಯ್ದರೆ ಸಂಜೆಗೇ ತಂದು ಬಿಡುವುದು. ನಡುವಿನ ಹೊತ್ತನ್ನು ನಾನು ಮೊಳಕೈಯನ್ನು ಪಕ್ಕೆಲುಬಿಗೆ ಅಂಟಿಸಿಕೊಂಡು ಕಳೆಯುತ್ತಿದ್ದೆ. ಬಸ್ಸು ಹತ್ತುವುದು ಬಿಟ್ಟೆ. ಜಡೆ ಬಿಟ್ಟು ಕೂದಲು ಕತ್ತರಿಸಿಕೊಂಡೆ. ಫ್ಯಾಷನ್ನು ಎಂದು ಆಫೀಸಿನ ಹುಡುಗಿಯರು ಹೊಗಳಿದರು. ಯಾರಾದರೂ ಕೈ ಎತ್ತಿ ನಮಸ್ಕಾರ ಹೇಳಿದರೆ ನನ್ನ ಭುಜದಲ್ಲಿ ಚಳಿ ಏಳುತ್ತಿತ್ತು, ಅವರದ್ದೂ ಜಾರಿಬಿಟ್ಟರೆ ಎಂದು.

ಆ ದಿನ ಬಂದೇ ಬಂತು. ಮಧ್ಯಾಹ್ನ ಆಫೀಸಿನಲ್ಲಿ, ಕುರ್ಚಿಯ ಹಿಂದೆ ಬಿದ್ದ ಓಢಣಿ ಎತ್ತಿಕೊಳ್ಳಲು ಕೈ ಹಿಂದಕ್ಕೆ ಚಾಚಿದೆ. ಅಷ್ಟೇ. ಪಕ್ಕದವಳು ಆಟೋ ತರಲು ಓಡಿದಳು. ನಾನು ನೆಲದ ಮೇಲೆ ಕೂತು, "ಬೇಡ, ನಮ್ಮಪ್ಪ ಬರ್ತಾರೆ, ನಮ್ಮಪ್ಪನ್ನ ಕರೀರಿ" ಎಂದು ಹಟ ಹಿಡಿದೆ. ಕಾರ್ಖಾನೆಗೆ ಫೋನ್ ಮಾಡಿ, ಅವರು ಒಳಗೆ ಸುದ್ದಿ ಮುಟ್ಟಿಸಿ, ಅಪ್ಪ ಗೇಟ್ ಪಾಸ್ ಮಾಡಿಸಿಕೊಂಡು ಊರಿನ ಆ ತುದಿಯಿಂದ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ನನ್ನ ಬೆರಳುಗಳು ತಣ್ಣಗಾಗಿ ಜೋಮು ಹಿಡಿದಿದ್ದವು.

ಅಪ್ಪ ಬಂದವರು ಸುತ್ತ ನೋಡಿದರು. ಆಫೀಸಿನ ಬಚ್ಚಲು ಎಲ್ಲಿದೆಯೋ ಗೊತ್ತಾಗಲಿಲ್ಲ. ಬಾಗಿಲ ಹೊರಗೆ ಬೂಟು ಕಳಚಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನಿನಿಂದ ಒಂದು ಲೋಟ ಹಿಡಿದು ಹೋಗಿ ಮೆಟ್ಟಿಲ ಮೇಲೆ ಕಾಲಿಗೆ ಸುರಿದುಕೊಂಡರು. ಇನ್ನೊಂದು ಲೋಟ ಹಿಡಿದರು. ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡ ಅಷ್ಟೂ ಜನ ಬಾಯಿ ತೆರೆದು ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ಬದುಕಿದೆ, ಅಪ್ಪ ಕಾಲು ತೊಳೆಯುತ್ತಿದ್ದಾರೆ ಎಂದುಕೊಂಡೆ.

ಎಳೆದರು. ಬೀಳಲಿಲ್ಲ. ಮತ್ತೆ ಎಳೆದರು. ಒಳಗೆ ಏನೋ ಕರಕರ ಎಂದಿತೇ ಹೊರತು ಗುಂಡು ಬಟ್ಟಲಿಗೆ ಬೀಳಲಿಲ್ಲ. ತಲೆ ಎತ್ತಿ ಅಪ್ಪನ ಮುಖ ನೋಡಿದೆ. ನೋಡಬಾರದಿತ್ತು. ನನ್ನ ಹೆದರಿಕೆಗೆಲ್ಲ ಕೊನೆಯ ಬಾಗಿಲು ಆ ಮುಖವಾಗಿತ್ತು. ಅದೂ ಅಂದು ಹೆದರಿತ್ತು.

ಆಸ್ಪತ್ರೆಯಲ್ಲಿ ಮತ್ತು ಕೊಟ್ಟೇ ಕೂರಿಸಬೇಕಾಯಿತು. ಮರುದಿನ ಮೂಳೆಯ ಸರ್ಜನ್ ಸ್ಕ್ಯಾನಿನ ಫೋಟೋಗಳನ್ನು ಬೆಳಕಿಗೆ ಹಿಡಿದು ತೆಲುಗು ಹಿಂದಿ ಬೆರೆಸಿ ವಿವರಿಸಿದರು. ಬಟ್ಟಲಿನ ಅಂಚಿಗೆ ಒಂದು ಮೆತ್ತನೆಯ ದಡವಿರುತ್ತದೆ, ಗುಂಡು ಹೊರಗೆ ಉರುಳದಂತೆ ತಡೆಯುವುದು ಅದೇ. ನನ್ನದು ಹರಿದು ಎದ್ದುಬಂದಿದೆ. ಬರಬರುತ್ತ ಅಂಚಿನ ಮೂಳೆಯೂ ಚೂರು ಸವೆದಿದೆ. ಆಪರೇಷನ್ ಮಾಡಿ ದಡವನ್ನು ಮೂಳೆಗೆ ಹೊಲಿಯಬೇಕು, ಇಲ್ಲದಿದ್ದರೆ ಇದು ಹೀಗೇ ಬಂದು ಹೋಗುತ್ತ ಕೀಲನ್ನೇ ತಿಂದುಹಾಕುತ್ತದೆ. ಇಷ್ಟು ಹೇಳಿ, ಇಲ್ಲಿಯವರೆಗೆ ಯಾವ ಆಸ್ಪತ್ರೆಯಲ್ಲಿ ಕೂರಿಸಿಕೊಳ್ಳುತ್ತಿದ್ದಿರಿ ಎಂದು ಕೇಳಿದರು.

"ಮನೆಯಲ್ಲೇ," ಎಂದೆ. ಬೇರೆ ಏನು ಹೇಳಲಿ?

"ಯಾರು ಎಳೆಯುತ್ತಿದ್ದುದು?"

ಅಪ್ಪ ತಮ್ಮ ಕಾಲುಗಳನ್ನು ನೋಡಿಕೊಂಡರು. ಡಾಕ್ಟರು ಬೈಯಲಿಲ್ಲ. ಜಾರಿದಾಗಲೇ ಆಗುವ ಪೆಟ್ಟು ಇದು, ಎಳೆದದ್ದರಿಂದಲೂ ಚೂರು ಆಗಿರಬಹುದು, ಹೇಳಲಾಗದು, ಇನ್ನು ಮೇಲೆ ಮಾತ್ರ ಯಾರೂ ಎಳೆಯಕೂಡದು ಎಂದರು. ಅಪ್ಪನ ಮನಸ್ಸಿಗೆ ನಾಟಿದ್ದು ನಡುವಿನ ತುಂಡು ಮಾತ್ರ ಅನ್ನಿಸುತ್ತದೆ. ಮನೆಗೆ ಬರುವ ತನಕ ಆಟೋದಲ್ಲಿ ಕಾಲುಗಳನ್ನು ಸೀಟಿನ ಅಡಿಗೆ ಎಳೆದುಕೊಂಡು ಕೂತಿದ್ದರು.

ಆಪರೇಷನ್ ಎಂದರೆ ಎಲ್ಲರಿಗೂ ಹೆದರಿಕೆಯೇ. ನನ್ನದು ಮಾತ್ರ ಓದಿದವರ ಹೆದರಿಕೆ, ಅದಕ್ಕೆ ಮದ್ದಿಲ್ಲ. ಅದೇ ಆಪರೇಷನ್ನನ್ನು ನಾನು ಬೇಕಾದಷ್ಟು ಸಲ ಟೈಪು ಮಾಡಿದ್ದೆ. ಚರ್ಮ ಎಲ್ಲಿಂದ ಎಲ್ಲಿಗೆ ಕೊಯ್ಯುತ್ತಾರೆ, ಸ್ನಾಯುವನ್ನು ಯಾವ ಕಡೆ ಸರಿಸುತ್ತಾರೆ, ಯಾವ ನರ ಬೆರಳಗಲದ ದೂರದಲ್ಲಿದೆ, ಎಲ್ಲ ಗೊತ್ತು. ಅಮೆರಿಕದ ಡಾಕ್ಟರುಗಳು ಪ್ರತಿ ಫೈಲಿನಲ್ಲೂ ಒಂದೇ ಉಸಿರಿಗೆ ಒಪ್ಪಿಸುವ ಒಂದು ಪಾಠವಿತ್ತು. ಈ ಆಪರೇಷನ್ನಿನ ಅಪಾಯಗಳನ್ನು ರೋಗಿಗೆ ತಿಳಿಸಲಾಗಿದೆ: ರಕ್ತಸ್ರಾವ, ಕೀವು, ನರಕ್ಕೆ ಪೆಟ್ಟು, ಕೀಲು ಬಿಗಿಯುವುದು, ಮತ್ತೆ ಜಾರುವುದು, ಅರಿವಳಿಕೆಯ ತೊಂದರೆ, ಸಾವು. ಪದೇಪದೇ ಬರುವುದರಿಂದ ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೊಂದು ಅಡ್ಡದಾರಿ ಮಾಡಿಟ್ಟಿದ್ದೆವು. ಎರಡು ಅಕ್ಷರ ಒತ್ತಿದರೆ ಸಾಕು, ರಕ್ತದಿಂದ ಹಿಡಿದು ಸಾವಿನ ತನಕ ಇಡೀ ಪ್ಯಾರಾ ತಾನೇ ಮೂಡುತ್ತಿತ್ತು. ಎಷ್ಟು ಜನರ ಸಾವನ್ನು ನಾನು ಎರಡು ಬೆರಳಲ್ಲಿ ಮುಗಿಸಿ ಚಹಾ ಕುಡಿಯಲು ಎದ್ದಿದ್ದೇನೋ.

ನಮ್ಮ ಡಾಕ್ಟರು ಆ ಪಾಠ ಓದಲೇ ಇಲ್ಲ. "ಏಮೀ ಕಾದಮ್ಮಾ" ಎಂದು ನಕ್ಕರು. ಏನೂ ಆಗುವುದಿಲ್ಲವಂತೆ. ಏನೂ ಆಗದಿದ್ದರೆ ಅಮೆರಿಕದವರು ಸಾವಿನ ಹೆಸರು ಯಾಕೆ ತೆಗೆಯುತ್ತಾರೆ? ಹೇಳಿದ್ದರೆ ಹೆದರುತ್ತಿದ್ದೆ, ಹೇಳದೆ ಇದ್ದುದರಿಂದ ಇನ್ನೂ ಹೆದರಿದೆ. ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು. ಆ ಫೈಲುಗಳೆಲ್ಲ, ರೋಗಿಯನ್ನು ವಾರ್ಡಿಗೆ ಸಾಗಿಸಲಾಯಿತು ಎಂಬಲ್ಲಿಗೆ ಮುಗಿಯುತ್ತಿದ್ದವು. ಆಮೇಲೆ ಅವರು ಕೈ ಎತ್ತಿದರೇ, ತಲೆ ಬಾಚಿಕೊಂಡರೇ, ಅದನ್ನು ನಾನು ಒಂದು ಸಲವೂ ಟೈಪು ಮಾಡಿರಲಿಲ್ಲ.

ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಮಲಗಿ ಸೀಲಿಂಗಿನ ದೀಪಗಳು ಹಿಂದೆ ಸರಿಯುವುದನ್ನು ನೋಡುತ್ತ ನಾನು ಅಳುತ್ತಿದ್ದೆ. ಸದ್ದಿಲ್ಲದ ಅಳು ಎಂದುಕೊಂಡಿದ್ದೆ. ಕಾರಿಡಾರಿನ ಕೊನೆಯವರೆಗೂ ಕೇಳುತ್ತಿತ್ತೆಂದು ಆಮೇಲೆ ಅವ್ವ ಹೇಳಿದಳು. ಅಪ್ಪ ಬಾಗಿಲ ತನಕ ಜೊತೆಗೆ ಬಂದರು. "ನಾ ಇಲ್ಲೇ ಇರ್ತೀನಿ" ಎಂದರು. ಇದ್ದು ಏನು ಮಾಡುತ್ತೀ ಯಪ್ಪಾ ಎಂದು ಕೇಳಬೇಕೆನಿಸಿತು, ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಎಚ್ಚರವಾದಾಗ ನನಗೆ ಬಲಗೈ ಇರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಎದೆಯ ಮೇಲೆ ಕಟ್ಟಿ ಇಟ್ಟಿದ್ದರು. ಆದರೆ ಅದು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ನನ್ನ ಮೇಲೆ ಬಿದ್ದಿತ್ತು. ಬೆರಳು ಆಡಿಸು ಎಂದೆ. ಆಡಲಿಲ್ಲ. ನರಕ್ಕೆ ಪೆಟ್ಟು. ಪಾಠದ ಮೂರನೆಯ ಮಾತು. ಮಲಯಾಳಿ ನರ್ಸ್ ಬಂದು, ನೋವು ಗೊತ್ತಾಗದಿರಲೆಂದು ಕತ್ತಿನ ಬಳಿ ಇಂಜೆಕ್ಷನ್ ಕೊಟ್ಟಿದ್ದಾರೆ, ಕೈ ಮರಗಟ್ಟಿರುವುದು ಅದಕ್ಕೇ, ತಾನಾಗಿ ಇಳಿಯುತ್ತದೆ ಎಂದಳು. ಅದೂ ನನಗೆ ಗೊತ್ತಿದ್ದುದೇ. ಆದರೆ ಇಂಜೆಕ್ಷನ್ನಿನಿಂದ ಸತ್ತ ಕೈಗೂ ನರ ತುಂಡಾಗಿ ಸತ್ತ ಕೈಗೂ ನೋಡಲು ಏನು ವ್ಯತ್ಯಾಸ? ಅಪ್ಪ ಮಂಚದ ಪಕ್ಕ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. "ಗೊತ್ತಾಗ್ತೈತೇನು?" ಇಲ್ಲ. "ಈಗ?" ಇಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಯವಾಗುವ ಹೊತ್ತಿಗೆ ಕಿರುಬೆರಳು ಜುಮ್ಮೆಂದಿತು. ಹೆಬ್ಬೆರಳು ಒಂದು ಎಳ್ಳಿನಷ್ಟು ಬಾಗಿತು. ಅಪ್ಪ ಎದ್ದು ಹೊರಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದಿದ್ದರು.

ಜೋಳಿಗೆಯಲ್ಲಿ ಕಳೆದ ವಾರಗಳು, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಸುಖದ ದಿನಗಳು. ಕೈ ಮೈಗೆ ಕಟ್ಟಿಕೊಂಡಿದೆ, ಎತ್ತುವಂತಿಲ್ಲ, ಎತ್ತು ಎನ್ನುವವರಿಲ್ಲ. ಎಡಗೈಯಲ್ಲಿ ಉಣ್ಣಲು ಅವ್ವ ಬಿಡಲಿಲ್ಲ, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಡಾಕ್ಟರು ಜೋಳಿಗೆ ತೆಗೆದ ದಿನ ನನಗೆ ನಡುಬೀದಿಯಲ್ಲಿ ಸೀರೆ ಕಳಚಿದಂತಾಯಿತು. ಹೊಲಿಗೆ ಗಟ್ಟಿಯಾಗಿದೆ, ಇನ್ನು ವ್ಯಾಯಾಮ ಶುರು ಮಾಡಿ ಎಂದರು. ಮನೆಗೆ ಬಂದವಳೇ ಓಢಣಿಯಿಂದ ಮತ್ತೆ ಕಟ್ಟಿಕೊಂಡೆ.

ಫಿಜಿಯೋಥೆರಪಿಯ ಮೇಡಂ ತೆಲುಗಿನವರು, ಮಾತು ಕಡ್ಡಿ ಮುರಿದಂತೆ. ಮೊದಲು ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ರುಬ್ಬುವಂತೆ ತಿರುಗಿಸುವುದು. ಅದು ಹೇಗೋ ಆಯಿತು. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಮನೆಯಲ್ಲಿ ಮಾಡಬೇಕು. ಬೆಳಿಗ್ಗೆ ನಾನು ಮಾಡುತ್ತಿರಲಿಲ್ಲ. ಅಪ್ಪ ಕಾರ್ಖಾನೆಗೆ ಹೋದ ಮೇಲೆ ಕೈ ಎತ್ತುವ ಧೈರ್ಯ ಯಾರಿಗಿದೆ? ಸಂಜೆ, ಅಪ್ಪ ಬಂದು ಚಹಾ ಕುಡಿದ ಮೇಲೆ, ಗೋಡೆಯ ಮುಂದೆ ನಿಲ್ಲುತ್ತಿದ್ದೆ. ಬೆರಳು ಮುಟ್ಟಿದ ಎತ್ತರಕ್ಕೆ ಅವ್ವ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಬೊಟ್ಟುಗಳು ಎದೆಯ ಮಟ್ಟದವರೆಗೆ ಹತ್ತಿ ಅಲ್ಲೇ ನಿಂತವು. ಒಂದರ ಮೇಲೊಂದು ಬಿದ್ದು ಅಲ್ಲಿ ಗೋಡೆಯೇ ಕೆಂಪಾಯಿತು. ಇನ್ನು ಕೂದಲೆಳೆಯಷ್ಟು ಮೇಲೆ ಹೋದರೂ ಲೊಟಕ್ ಎನ್ನುತ್ತದೆ ಎಂದು ನನ್ನ ಮೈ ಹೇಳುತ್ತಿತ್ತು. ಮೈಯ ಮಾತು ಕೇಳಿದೆ.

ಮೇಡಂಗೆ ಸಿಟ್ಟು ಬಂತು. ಭುಜ ಹೊರಗೆ ಬರುವ ಭಯ ಬಿಡು, ನಿನ್ನದು ಈಗ ಒಳಗೇ ಮರದಂತೆ ಬಿಗಿಯುತ್ತಿದೆ ಎಂದರು. ಡಾಕ್ಟರು ನೋಡಿ ಇನ್ನೂ ಸ್ಪಷ್ಟವಾಗಿ ಹೇಳಿದರು. ಮುಂದಿನ ಸಲ ಬರುವಾಗ ಕೈ ತಲೆಗಿಂತ ಮೇಲೆ ಹೋಗಬೇಕು. ಹೋಗದಿದ್ದರೆ ಮತ್ತೆ ಮತ್ತು ಕೊಟ್ಟು ಮಲಗಿಸಿ ಕೈಯನ್ನು ಬಲವಂತವಾಗಿ ಎತ್ತಿ ಬಿಡಿಸಬೇಕಾಗುತ್ತದೆ. ಹಾಗೆ ಬಿಡಿಸಿದರೂ ಪೂರ್ತಿ ಬರುತ್ತದೆಂದು ನಂಬಬೇಡಿ, ಇದು ಬಲಗೈ, ಯೋಚನೆ ಮಾಡಿ ಎಂದರು. ಈ ಸಲ ಅವರು ನಗಲಿಲ್ಲ.

ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ಎತ್ತಿದರೆ ಜಾರುತ್ತದೆ, ಎತ್ತದಿದ್ದರೆ ಮತ್ತೆ ಆ ಸೀಲಿಂಗಿನ ದೀಪಗಳು. ಅತ್ತ ದರಿ, ಇತ್ತ ಪುಲಿ. ಬೆರಳು ಕೆಂಪು ಮಚ್ಚೆಯ ತನಕ ಹೋಗಿ ವಾಪಸು ಬಂತು.

ಆ ಭಾನುವಾರ ಅಪ್ಪ ಬೆಳಗಿನಿಂದ ಮನೆ ಬಿಟ್ಟು ಕದಲಿರಲಿಲ್ಲ. ಸ್ನಾನ ಮಾಡಿ, ಪೇಪರ್ ಓದಿ, ಊಟ ಮಾಡಿ ಮಲಗಿ ಎದ್ದಿದ್ದರು. ಸಂಜೆ ನಾನು ಗೋಡೆಯ ಮುಂದೆ ನಿಂತೆ. ಬಚ್ಚಲಲ್ಲಿ ನಲ್ಲಿ ತಿರುಗಿದ ಸದ್ದು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು.

ನನ್ನ ಭುಜ ಕಲ್ಲಾಯಿತು. ಯಾಕೆಂದು ಆಗ ಗೊತ್ತಾಯಿತು. ದಿನವೂ ಸಂಜೆ ಆ ಸದ್ದು ಇದ್ದೇ ಇತ್ತು. ಕಾರ್ಖಾನೆಯಿಂದ ಬಂದವರು ಕಾಲು ತೊಳೆಯುತ್ತಾರೆ, ಯಾರು ತೊಳೆಯುವುದಿಲ್ಲ ಎಂದು ನಾನು ಗಮನ ಕೊಟ್ಟಿರಲಿಲ್ಲ. ಇವತ್ತು ಅವರು ಎಲ್ಲಿಂದ ಬಂದರು? ತಿರುಗಿ ನೋಡಿದೆ. ಬಚ್ಚಲ ಬಾಗಿಲಿನಿಂದ ಚಾಪೆಯ ತನಕ ಒದ್ದೆ ಹೆಜ್ಜೆಗಳು. ಚಾಪೆಯ ಅಂಚಿನಲ್ಲಿ ಅಪ್ಪ ಕಾಲು ಮುಂದೆ ಚಾಚಿ ಕೂತಿದ್ದರು. ಕಣ್ಣು ನನ್ನ ಭುಜದ ಮೇಲೆ.

"ಯಪ್ಪಾ, ಈಗ್ಯಾಕ ಕಾಲ ತೊಳದಿ?"

"ಸುಮ್ನ... ಧೂಳ ಆಗಿತ್ತು."

ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಎಳೆಯಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸಿ ಬಂದ ಮನುಷ್ಯ, ತನ್ನ ಕಾಲಿನಿಂದಲೇ ಮಗಳ ಕೀಲು ಕೆಟ್ಟಿತೆಂದು ಒಳಗೊಳಗೇ ಬೇಯುತ್ತಿದ್ದ ಮನುಷ್ಯ, ದಿನಾ ಸಂಜೆ ಕಾಲು ತೊಳೆದು ತಯಾರಾಗಿ ಕೂರುತ್ತಿದ್ದರು. ಅಂದರೆ ಅಪ್ಪನೂ ಅದು ಜಾರುತ್ತದೆ ಎಂದೇ ನಂಬಿದ್ದರು. ಇಡೀ ಮನೆಯಲ್ಲಿ ಅದು ನಿಲ್ಲುತ್ತದೆ ಎಂದು ನಂಬಿದವರು ಒಬ್ಬರೂ ಇರಲಿಲ್ಲ.

ಅಡುಗೆ ಮನೆಯ ಬಾಗಿಲಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. "ನನಗ ಮೊದಲಿಂದ ಗೊತ್ತೈತಿ," ಎಂದಳು. "ನೀ ಅಂಜತೀ ಅಂತ ನಿಮ್ಮಪ್ಪ ಕಾಲ ತೊಳಿತಾರ. ಅವರು ಕಾಲ ತೊಳದ್ರು ಅಂತ ನೀ ಅಂಜತೀ. ಹುಚ್ಚ ಬಿಡೂತನಾ ಮದಿವಿ ಆಗೂದಿಲ್ಲ, ಮದಿವಿ ಆಗೂತನಾ ಹುಚ್ಚ ಬಿಡೂದಿಲ್ಲ. ಛಲೋ ಆತು ನಿಮ್ಮಿಬ್ಬರ ಸಂಸಾರ."

ನನಗೆ ಸಿಟ್ಟು ಬಂತು. ಅವ್ವನ ಮೇಲಲ್ಲ, ಅಪ್ಪನ ಮೇಲೂ ಅಲ್ಲ, ಆ ಒದ್ದೆ ಹೆಜ್ಜೆಗಳ ಮೇಲೆ. ಪುಕ್ಕಲರಿಗೆ ಸಿಟ್ಟು ಬಂದಾಗಲೇ ಏನಾದರೂ ಆಗಬೇಕು.

"ಯಪ್ಪಾ, ಏಳು. ಹೋಗಿ ಬೂಟ ಹಾಕ್ಕೊಂಡ ಬಾ."

"ಬೂಟ?"

"ಹೂಂ, ಕಾರ್ಖಾನಿ ಬೂಟ. ಹಾಕ್ಕೊಂಡು, ಲೇಸ್ ಬಿಗಿದು, ಬಂದು ಇಲ್ಲೇ ಕುಂದ್ರು."

"ಮನಿಯೊಳಗ ಬೂಟೇನವ್ವಾ? ದೇವರ ಮಾಡ ಇಲ್ಲೇ ಐತಿ."

ನಮ್ಮ ಮನೆಯಲ್ಲಿ ಹೊಸ್ತಿಲೊಳಗೆ ಚಪ್ಪಲಿಯ ನೆರಳೂ ಬರುವಂತಿರಲಿಲ್ಲ. ಮನೆ ಮಾಲೀಕರೇ ಒಮ್ಮೆ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಟ್ಟಾಗ ಅವ್ವ ಅವರನ್ನು ಹೊರಗೆ ನಿಲ್ಲಿಸಿ ಮಾತಾಡಿಸಿದ್ದಳು. ಈಗ ಅವಳು ಅಪ್ಪನನ್ನು ನೋಡಿದಳು, ಗೋಡೆಯ ಮೇಲಿನ ಕೆಂಪು ಮಚ್ಚೆಯನ್ನು ನೋಡಿದಳು.

"ಹಾಕ್ಕೋರಿ," ಎಂದಳು. "ದೇವರಿಗೆ ನಾ ಹೇಳ್ತೀನಿ."

ಅಪ್ಪ ಹೊರಗೆ ಹೋದರು. ಒದ್ದೆ ಕಾಲಿಗೇ ಬೂಟು ಏರಿಸಿದರು. ಮುಂದೆ ಕಬ್ಬಿಣದ ತಗಡು ಕೂರಿಸಿದ, ಕಾರ್ಖಾನೆಯವರೇ ಕೊಟ್ಟ ಭಾರದ ಬೂಟು. ಅದನ್ನು ಕಂಕುಳಿಗೆ ಕೊಡಲು ಯಾವ ಉಸ್ತಾದನಿಗೂ ಆಗದು. ಟಕ್ ಟಕ್ ಎಂದು ಒಳಗೆ ಬಂದು, ಕಳ್ಳನಂತೆ ಚಾಪೆಯ ಹೊರಗೆ ಗೋಡೆಗೆ ಒರಗಿ ಕೂತರು. ಇನ್ನು ನನಗೆ ಯಾರೂ ಇರಲಿಲ್ಲ. ಜಾರಿದರೆ ಜಾರಿತು.

ಬೆರಳುಗಳನ್ನು ಗೋಡೆಗೆ ಹಚ್ಚಿದೆ. ಸೊಂಟ, ಪಕ್ಕೆ, ಎದೆ. ಕೆಂಪು ಮಚ್ಚೆ ಬಂತು. ಒಂದು ಬೆರಳು ಮಚ್ಚೆ ದಾಟಿತು. ಭುಜದೊಳಗೆ ಏನೋ ಚರ್ ಎಂದು ಎಳೆಯಿತು. ಇದೇ, ಇದೇ ಈಗ ಲೊಟಕ್ ಎನ್ನುತ್ತದೆ ಎಂದು ಹಲ್ಲು ಕಚ್ಚಿದೆ. ಎನ್ನಲಿಲ್ಲ. ಇನ್ನೊಂದು ಬೆರಳು. ಗಲ್ಲದ ಮಟ್ಟ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನೋವಿಗೋ ಹೆದರಿಕೆಗೋ ಗೊತ್ತಿಲ್ಲ, ಎರಡೂ ಇದ್ದವು. ಹಣೆ. ಬೈತಲೆ. ಸುಣ್ಣ ಬಳಿದ ಬೆಳ್ಳಗಿನ ಗೋಡೆ, ಒಂದೂ ಬೊಟ್ಟಿಲ್ಲದ ಜಾಗ. ಬಸ್ಸಿನ ಕಂಬಿಯ ಎತ್ತರ. ಅಲ್ಲಿ ಅಂಗೈ ಊರಿ ನಿಂತೆ. ಗುಂಡು ಬಟ್ಟಲಲ್ಲೇ ಇತ್ತು.

"ಯಪ್ಪಾ, ನೋಡು."

ತಲೆ ತಿರುಗಿಸಿದೆ. ಅಪ್ಪ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಬೂಟಿನ ಲೇಸುಗಳನ್ನು ಹಿಡಿದು ಕೂತಿದ್ದರು. "ಕಣ್ಣ ತಗಿ ಯಪ್ಪಾ." ತೆಗೆದರು. ನನ್ನ ಕೈ ಎಷ್ಟು ಮೇಲೆ ಹೋಗಿದೆ ಎಂದು ನೋಡಲಿಲ್ಲ, ಮೊದಲು ಭುಜದ ಗುಂಡನ್ನು ನೋಡಿದರು. ಆಮೇಲೆ ನಿಧಾನಕ್ಕೆ ತೋಳು, ಮೊಳಕೈ, ಅಂಗೈ. ಅವ್ವ ಕುಂಕುಮದ ಭರಣಿ ತರಲು ಹೋಗಿ ಎಲ್ಲಿಟ್ಟೆನೆಂದು ಮರೆತು ಒಳಗೆ ತಡಕಾಡುತ್ತಿದ್ದಳು.

ಅಪ್ಪ ಬಾಗಿ ಲೇಸು ಬಿಚ್ಚತೊಡಗಿದರು. ದೇವರ ಮುಂದೆ ಬೂಟು ಹಾಕಿ ಕೂತದ್ದೇ ಅವರಿಗೆ ಹೆಚ್ಚಾಗಿತ್ತು. ಆದರೆ ಅಷ್ಟು ವರ್ಷ ಕಾರ್ಖಾನೆಯಲ್ಲಿ ಕೂದಲೆಳೆ ತಪ್ಪದೆ ಕೆಲಸ ಮಾಡಿದ ಆ ಕೈಗಳಲ್ಲಿ ಬಿಚ್ಚಿದಷ್ಟೂ ಗಂಟು ಬಿಗಿಯಾಯಿತು. ನಾನು ಗೋಡೆಯಿಂದ ಕೈ ಇಳಿಸಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಲಗೈ ಚಾಚಿ ಆ ಬೂಟನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

"ಬ್ಯಾಡವ್ವಾ, ಕಾಲ," ಎಂದು ಎಳೆದುಕೊಳ್ಳಲು ನೋಡಿದರು.

ನಾನು ಬಿಡಲಿಲ್ಲ. ಗಂಟು ಬಿಚ್ಚಿ, ಬೂಟು ಕಳಚಿದೆ. ಒಳಗೆ ಕಾಲು ಇನ್ನೂ ಒದ್ದೆಯಿತ್ತು. ಆ ಹಿಮ್ಮಡಿಯನ್ನು ಬಲಗೈಯಿಂದ ಮುಟ್ಟಿ, ಕೈ ಎತ್ತಿ, ಕಣ್ಣಿಗೆ ಒತ್ತಿಕೊಂಡೆ.